ಮೂರು ಕಂಪ್ಯೂಟರ್, ಒಂದು ತಂತಿ

ಕಂಪ್ಯೂಟರ್ ಕಲಿಸೋ ಮೇಷ್ಟ್ರಾದವನು ತಮಾಷೆ ಹುಡುಕಿಕೊಂಡು ಹೋಗಬೇಕಿಲ್ಲ. ಅವೇ ಮೆಟ್ಟಿಲು ಹತ್ತಿ ಬರ್ತಾವೆ, ದಿನಕ್ಕೊಂದರಂತೆ.

ಎಂಬತ್ತರ ದಶಕದ ಕೊನೆ. ದಾವಣಗೆರೆಯಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿ ಮೇಲೆ ನಮ್ಮ ಕ್ಲಾಸು. ಅಂಗಡಿಯ ಸಾಹೇಬರೇ ಮಾಲೀಕರು, ನಾನೊಬ್ಬನೇ ಮೇಷ್ಟ್ರು. ಕಂಪ್ಯೂಟರ್ ಮೂರು, ಕಲಿಯೋರು ನಾಲ್ಕು ಜನ. ಹರಿಹರದ ಕಾಲೇಜೊಂದರ ಪ್ರಿನ್ಸಿಪಾಲರು ಬಂದು ನೋಡಿ ಮೆಚ್ಚಿದರೆ ತಮ್ಮ ವಿದ್ಯಾರ್ಥಿಗಳನ್ನ ಕಳಿಸುವವರಿದ್ದರು. ಮೆಚ್ಚದಿದ್ದರೆ? "ಈ ರೂಮಿಗೆ ಸೀರೆ ಗಂಟು ತುಂಬಿಸ್ತೀನಿ ಮಾಸ್ಟರ್, ನೀವು ಊರಿಗೆ ಹೋಗ್ರಿ" ಅಂದಿದ್ದರು ಸಾಹೇಬರು. ನನಗೋ ಆಗಷ್ಟೇ ಮದುವೆ ಗೊತ್ತಾಗಿತ್ತು. ಕೆಲಸ ಹೋದರೆ ಹೆಣ್ಣಿನ ಕಡೆಯವರೂ ಹೋಗ್ತಾರೆ ಅಂತ ನನಗೆ ನಿದ್ದೆ ಹತ್ತುತ್ತಿರಲಿಲ್ಲ.

೧. ತಂತಿ ಯಾಕ?

ಪ್ರಿನ್ಸಿಪಾಲರನ್ನ ಮೆಚ್ಚಿಸಲು ಮೂರೂ ಕಂಪ್ಯೂಟರಿಗೆ ಒಂದೇ ಕೇಬಲ್ ಎಳೆದು ನೆಟ್‌ವರ್ಕ್ ಮಾಡೋಣ ಅಂದೆ. ಒಂದರಲ್ಲಿರೋದು ಇನ್ನೊಂದಕ್ಕೂ ಸಿಗುತ್ತೆ ಅಂತ ವಿವರಿಸಿದೆ.

"ಮೂರೂ ಒಂದೇ ಮನಿಯಾಗ ಅದಾವು. ಮಾತಾಡಾಕೆ ತಂತಿ ಯಾಕ್ರಿ?" ಅಂದರು ಸಾಹೇಬರು.

"ಸರ್ವರ್ ಅಂತ ಒಂದು ಇರ್ತದೆ ಸಾಹೇಬ್ರೆ. ಉಳಿದವು ಏನು ಕೇಳಿದ್ರೂ ಅದೇ ಕೊಡಬೇಕು. ಅದು ಕೆಟ್ಟರೆ ಎಲ್ಲರ ಕೆಲಸ ಬಂದ್."

ಸಾಹೇಬರು ಗಡ್ಡ ನೀವಿಕೊಂಡರು. "ಗೊತ್ತಾತು ಬಿಡ್ರಿ. ನಮ್ಮ ಮನ್ಯಾಗ ಅದು ನಮ್ಮ ಬೇಗಂ."

೨. ಶುಕ್ರವಾರದ ಮುಚ್ಚಳ

ಆ ಕಾಲದ ಕೇಬಲ್ಲಿನ ಎರಡೂ ತುದಿಗೆ ಬೆರಳುಗಾತ್ರದ ಲೋಹದ ಮುಚ್ಚಳ ಇರಬೇಕಿತ್ತು, ಟರ್ಮಿನೇಟರ್ ಅಂತ. ಅದಿಲ್ಲದಿದ್ದರೆ ತುದಿಗೆ ಹೋದ ಸಂದೇಶ ಅಲ್ಲಿಂದಲೇ ವಾಪಸ್ ಬಂದು ಎಲ್ಲಾ ಕಲಸುಮೇಲೋಗರ. ಒಂದು ಶುಕ್ರವಾರ ಮೂರೂ ಕಂಪ್ಯೂಟರ್ ಮೂಕಾದವು. ಮಧ್ಯಾಹ್ನದವರೆಗೂ ತಲೆ ಕೆರೆದುಕೊಂಡೆ. ಕೊನೆಗೆ ನೋಡಿದರೆ ಒಂದು ಮುಚ್ಚಳವೇ ಇಲ್ಲ.

ಕಸ ಹೊಡೆಯಲು ಪಕ್ಕದ ಬಾತಿ ಹಳ್ಳಿಯಿಂದ ಬರುತ್ತಿದ್ದ ಅಜ್ಜಿಯನ್ನ ಕೇಳಿದೆ.

"ಅದಾ? ಯಾವುದಕ್ಕೂ ತಾಗದಂಗೆ ಸುಮ್ನೆ ಕುಂತಿತ್ತು, ಮಾಸಿತ್ತು ಬ್ಯಾರೆ. ಹುಣಸೆಹಣ್ಣು ಹಚ್ಚಿ ಬೆಳಗಿ ಬಿಸಿಲಿಗೆ ಇಟ್ಟೀನಿ."

ಮೈ ಉರಿದುಹೋಯಿತು. ಆದರೆ ತಾರಸಿಯಲ್ಲಿ ಅದು ಹೊಸ ಕುಂಕುಮದ ಭರಣಿ ಹಾಗೆ ಫಳಫಳ ಅಂತಿತ್ತು, ಬೈಯಲು ಬಾಯೇ ಬರಲಿಲ್ಲ. ಅಜ್ಜಿ ಸಮಾಧಾನ ಹೇಳಿದಳು: "ಸಿಟ್ಟಾಗಬ್ಯಾಡಪ್ಪ, ಆ ಕಡೀದೂ ನಾಳೆ ಬೆಳಗಿ ಕೊಡ್ತೀನಿ."

೩. ಕ್ಯೂ

ಪ್ರಿಂಟರ್ ಒಂದೇ. ಮೂರೂ ಕಂಪ್ಯೂಟರಿನಿಂದ ಕಳಿಸಿದ್ದು ಸಾಲಾಗಿ ನಿಂತು ಒಂದೊಂದೇ ಹೊರಬರುತ್ತೆ, ಅದಕ್ಕೆ ಕ್ಯೂ ಅಂತಾರೆ ಅಂತ ಪಾಠ ಮಾಡಿದೆ. ನಿಜಲಿಂಗಪ್ಪ ಬಡಾವಣೆಯ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸಾರ್, ಟಾಕೀಸಿನಾಗ ಇರಂಗೆ ಲೇಡೀಸಿಗೆ ಬ್ಯಾರೆ ಇಲ್ಲೇನ್ರಿ?"

೪. ಚಾ ಬಂದೈತೆ

ಅಂತೂ ಪ್ರಿನ್ಸಿಪಾಲರು ಬಂದರು. ಕಚ್ಚೆಪಂಚೆ, ಮೇಲೆ ಕೋಟು. ಒಳರೂಮಿನ ಕಂಪ್ಯೂಟರ್ ಮುಂದೆ ಅವರನ್ನ ಕೂಡಿಸಿ, "ಇಲ್ಲೇ ಕೂತಿರ್ರಿ ಸಾರ್, ಆ ಕಡೆಯಿಂದ ಸಂದೇಶ ಕಳಿಸ್ತೀವಿ" ಅಂದು ಹೊರಗೆ ಬಂದೆ. ಸಾಹೇಬರು ಹೇಳಿದಂತೆ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದೆ: "ಚಾ ಬಂದೈತೆ, ಬರ್ರಿ."

ಒಳಗಿಂದ ಯಾರೂ ಬರಲಿಲ್ಲ. ಮತ್ತೆ ಕಳಿಸಿದೆ. ಇಲ್ಲ. ನಾನು ಮೇಜಿನ ಕೆಳಗೆ ನುಗ್ಗಿ ಕೇಬಲ್ಲಿನ ಒಂದೊಂದೇ ಜಾಯಿಂಟು ತಿರುವಿ ಬಿಗಿ ಮಾಡಿದೆ, ಎರಡೂ ಮುಚ್ಚಳ ಮುಟ್ಟಿ ನೋಡಿದೆ. ಎಲ್ಲಾ ಸರಿಯಾಗೇ ಇತ್ತು. ಮೂರನೇ ಸಲ ಕಳಿಸಿದೆ. ಸಾಹೇಬರು ನನ್ನ ಕಡೆ ನೋಡೋದನ್ನೇ ಬಿಟ್ಟು ರೂಮಿನ ಉದ್ದಗಲ ಅಳೆಯತೊಡಗಿದರು. ಆಯಿತು, ನನ್ನ ಮದುವೆ ಮುರಿಯಿತು ಅಂದುಕೊಂಡೆ.

ಕಡೆಗೆ ಸಾಹೇಬರೇ ಒಳಗೆ ಹೋದರು, ನಾನು ಹಿಂದೆ. ಪ್ರಿನ್ಸಿಪಾಲರು ಕೈಕಟ್ಟಿಕೊಂಡು ನೆಟ್ಟಗೆ ಕೂತಿದ್ದರು.

"ಸಂದೇಶ ಬರಲಿಲ್ಲೇನ್ರಿ ಸಾರ್?"

"ಬಂತಲ್ಲ. ಮೂರು ಸಲ ಬಂತು. ಬಾಳ ಚಲೋ ಐತೆ ನಿಮ್ಮ ನೆಟ್‌ವರ್ಕು."

"ಮತ್ತೆ ಚಾಕ್ಕೆ ಯಾಕ ಬರ್ಲಿಲ್ಲ?"

ಪ್ರಿನ್ಸಿಪಾಲರಿಗೆ ನಿಜಕ್ಕೂ ಬೇಜಾರಾಗಿತ್ತು. "ಅಲ್ರೀ, ಸ್ವಂತ ತಂಗಿ ಮಗಳ ಲಗ್ನಪತ್ರಿಕೆ ಅಂಚೆಯಾಗ ಬಂತು ಅಂತ ನಾನು ಆ ಮದುವಿಗೇ ಹೋಗಲಿಲ್ಲ. ಯಾರೂ ಬಂದು ಬಾಯಿತುಂಬ ಕರೀದೆ, ನಿಮ್ಮ ಚಾಕ್ಕೆ ಎದ್ದು ಬರ್ತೀನೇನು?"