ಮೂರು ಕೋಟ್ ಕೆಂಪು ಬಣ್ಣ

ಮದುವೆಯಾದ ಹೊಸದರಲ್ಲಿ ಸ್ಪಾಸ್ ತನ್ನ ಬೇಸ್ ಗಿಟಾರನ್ನು ಮಾರಿ ಬಟ್ಟೆ ಒಗೆಯುವ ಮಷೀನು ತಂದಿದ್ದ. ಮಷೀನು ಆರು ವರ್ಷಕ್ಕೆ ಕೆಟ್ಟು ಗುಜರಿ ಸೇರಿತು. ಗಿಟಾರು ಮಾತ್ರ ಇಪ್ಪತ್ತೈದು ವರ್ಷ ಅವನ ತಲೆಯೊಳಗೆ ಗುಂಯ್ ಅನ್ನುತ್ತಲೇ ಇತ್ತು. ಹಾಗಾಗಿ ಹಳೆಯ ಬ್ಯಾಂಡಿನ ಯಜಮಾನ ತೋಶ್ಕೋ ಫೋನು ಮಾಡಿ, "ಶನಿವಾರ ಸಂಜೆ ಏಳಕ್ಕೆ ಕಲಾಭವನದಲ್ಲಿ ನಾವೆಲ್ಲ ಮತ್ತೆ ಸೇರಿ ಬಾರಿಸ್ತಿದ್ದೀವಿ. ನಿನ್ನ ಬೇಸ್ ಇದೆ ತಾನೆ?" ಎಂದು ಕೇಳಿದಾಗ ಸ್ಪಾಸನ ಬಾಯಿ ಅವನನ್ನು ಕೇಳದೆಯೇ "ಇದೆ" ಎಂದುಬಿಟ್ಟಿತು.

ಶನಿವಾರ ಬೆಳಗಾಗುವ ಹೊತ್ತಿಗೆ ಅವನು ಪಕ್ಕದ ಕುಲಾ ಊರಿನ ಒಬ್ಬ ಜೇನು ಸಾಕುವವನ ಕೊಟ್ಟಿಗೆಯಲ್ಲಿದ್ದ. ಆ ಮನುಷ್ಯ ಯಾವುದೋ ಹಳೆಯ ಬೇಸ್ ಗಿಟಾರನ್ನು ಗೋಡೆಗೆ ಹೊಡೆದು ಟೋಪಿ ನೇತುಹಾಕಲು ಬಳಸುತ್ತಿದ್ದ. ಸ್ಪಾಸ್ ಇನ್ನೂರು ಲೇವಾ ಕೊಟ್ಟು, ನಾಲ್ಕು ಟೋಪಿಗಳನ್ನು ಮರ್ಯಾದೆಯಿಂದ ಇಳಿಸಿಟ್ಟು, ಗಿಟಾರನ್ನು ಎತ್ತಿಕೊಂಡು ತನ್ನೂರು ವಿದಿನ್‌ಗೆ ವಾಪಸಾದ. ದಾರಿಯಲ್ಲಿ ಕಾರು ನಿಲ್ಲಿಸಿ ತೋಶ್ಕೋಗೆ ಒಂದು ಫೋಟೋ ಕಳಿಸಿದ.

ತಕ್ಷಣ ಫೋನು ಬಂತು.

"ಇದೇನಯ್ಯಾ, ಬೆಂಕಿ ಆರಿಸೋ ಸಿಲಿಂಡರಿಗೆ ತಂತಿ ಕಟ್ಟಿದ್ದೀಯಾ?"

"ಮೇಲಿನ ಬಣ್ಣ ಯಾರೋ ಕತ್ತೆ ಬಳಿದಿರೋದು. ಒಳಗೆ ಅಸಲಿ ಮಾಲು. ಕಾರ್ಖಾನೆಯಿಂದ ಬಂದಾಗ ಜೇನುತುಪ್ಪದ ಬಣ್ಣ ಇತ್ತಂತೆ."

"ಜೇನುತುಪ್ಪದ ಬಣ್ಣದಲ್ಲಿ ತಂದ್ರೆ ನಿಂಗೆ ಜಾಗ. ಹಿಂಗೇ ತಂದ್ರೆ ನನ್ನ ಅಳಿಯ ಇದ್ದಾನೆ, ಕೀಬೋರ್ಡಲ್ಲಿ ಎಡಗೈಯಲ್ಲೇ ಬೇಸ್ ಬಾರಿಸ್ತಾನೆ. ಏಳು ಗಂಟೆ, ನೆನಪಿರ್ಲಿ."

ಹತ್ತು ಗಂಟೆಗಳಲ್ಲಿ ಆಗದ ಕೆಲಸ ಯಾವುದಿದೆ ಅಂದುಕೊಂಡ ಸ್ಪಾಸ್. ಆದರೆ ಅವತ್ತು ದೊಣ್ಣೆ ಮೆಣಸಿನಕಾಯಿ ಸುಡುವ ದಿನ ಎಂಬುದನ್ನು ಅವನು ಮರೆತಿದ್ದ.

ಅವನ ಕಟ್ಟಡದ ಅಂಗಳದಲ್ಲಿ ಐದೂ ಅಂತಸ್ತಿನ ಜನ ಇಳಿದುಬಂದಿದ್ದರು. ಕೆಂಪು ಮೆಣಸಿನಕಾಯಿಯ ಮೂಟೆಗಳು, ಸಾಲಾಗಿಟ್ಟ ಕರೆಂಟಿನ ಸುಡುವ ಒಲೆಗಳು, ನಡುವೆ ಸೌದೆ ಉರಿಯ ಮೇಲೆ ಒಂದು ಕೊಪ್ಪರಿಗೆ. ಅದರಲ್ಲಿ ಚಳಿಗಾಲಕ್ಕೆಂದು ಎಲ್ಲರ ಪಾಲಿನ ಗೊಜ್ಜು ಕುದಿಯುತ್ತಿತ್ತು. ದೋಣಿಯ ಹುಟ್ಟಿನಂಥ ಸೌಟು ಹಿಡಿದು ನಿಂತವಳು ಎರಡನೇ ಅಂತಸ್ತಿನ ಸ್ತಾಂಕಾ. ಆ ಸೌಟು ಕೈಯಲ್ಲಿರುವಷ್ಟು ಹೊತ್ತು ಅಂಗಳಕ್ಕೆ ಅವಳೇ ದೊರೆ.

ಬಾಗಿಲ ಬಳಿ ಸ್ಪಾಸನ ಅತ್ತೆ ವಾಸಿಲ್ಕಾ ಕೂತು ಸುಟ್ಟ ಮೆಣಸಿನಕಾಯಿಯ ಸಿಪ್ಪೆ ಸುಲಿಯುತ್ತಿದ್ದಳು. ಎಪ್ಪತ್ತರ ಅಂಚಿನ ಹೆಂಗಸು. ಗಂಡ ಇಲಿಯಾ ತೀರಿಕೊಂಡ ಮೇಲೆ ಕಪ್ಪು ಬಟ್ಟೆ ಬಿಟ್ಟವಳಲ್ಲ. ಸಿಟ್ಟು ಬಂದರೆ ಅವಳ ಗಲ್ಲದ ಮೇಲಿನ ಕಪ್ಪು ಮಚ್ಚೆ ಮೊದಲು ಕುಣಿಯುತ್ತದೆ, ಮಾತು ಆಮೇಲೆ ಬರುತ್ತದೆ. ಅಳಿಯನ ಕಂಕುಳಲ್ಲಿದ್ದ ಕೆಂಪು ಗಿಟಾರನ್ನು ಕಂಡದ್ದೇ ಅವಳ ಕೈಯ ಚಾಕು ಬೇಸಿನ್ನಿಗೆ ಬಿತ್ತು.

"ಅದನ್ನ ಎಲ್ಲಿಂದ ತಂದೆ?"

"ಕುಲಾದಿಂದ ಅತ್ತೆ. ಬಣ್ಣ ಕೆರೆದು ಹೊಸದು ಮಾಡ್ತೀನಿ."

"ಬಣ್ಣ ಚೆನ್ನಾಗೇ ಇದೆ. ಅದರ ತಂಟೆಗೆ ಹೋಗ್ಬೇಡ."

ಮಚ್ಚೆ ಕುಣಿಯಿತು. ಈ ಮನೆಯಲ್ಲಿ ತಾನು ಮಾಡಿದ ಯಾವ ಕೆಲಸಕ್ಕೆ ಅತ್ತೆ ಅಡ್ಡ ಬಂದಿಲ್ಲ ಎಂದುಕೊಂಡು ಸ್ಪಾಸ್ ಮುಂದಕ್ಕೆ ನಡೆದ. ಮನೆಯಿಂದ ಮಾವನ ಕಾಲದ ಸ್ಟೂಲು ತಂದು ಅಂಗಳದ ಮೂಲೆಯಲ್ಲಿ ಹಾಕಿ ಗಿಟಾರನ್ನು ಅದರ ಮೇಲೆ ಮಲಗಿಸಿದ.

ಹಗಲ ಬೆಳಕಿನಲ್ಲಿ ಈಗಷ್ಟೇ ಅದನ್ನು ಸರಿಯಾಗಿ ನೋಡಿದ. ಗೇಟಿಗೆ ಬಳಿಯುವಂಥ ಕೆಂಪು ಬಣ್ಣ, ಒಂದರ ಮೇಲೊಂದು ಮೂರು ಕೋಟ್. ಹೊಟ್ಟೆಯ ಮೇಲೆ ಚೀಸಿನ ಡಬ್ಬಿ ಚಪ್ಪಟೆ ಮಾಡಿದ ತಗಡು, ಅದಕ್ಕೆ ಹನ್ನೊಂದು ಸ್ಕ್ರೂ. ತಗಡಿನ ಮೇಲೊಂದು ಹಸು ಇನ್ನೂ ನಗುತ್ತಿತ್ತು. ಕೆಳಗಿನ ಒಂದು ಮೂಲೆಯನ್ನಂತೂ ಗರಗಸದಿಂದ ಕೊಯ್ದೇ ಬಿಟ್ಟಿದ್ದರು. ಹಿಂಬದಿಯಲ್ಲಿ ಮಾತ್ರ ಒಂದು ಹಿತ್ತಾಳೆ ಬಿಲ್ಲೆ, ಅದರ ಮೇಲೆ ಸರ್ಕಾರಿ ನಂಬರು.

"ಮನುಷ್ಯ ಆದೋನು ಮಾಡೋ ಕೆಲಸವಾ ಇದು," ಎಂದ ಸ್ಪಾಸ್. "ಆ ಕತ್ತೆ ಕೈಗೆ ಸಿಕ್ಕಿದ್ರೆ ಕಿವಿ ಹಿಡಿದು ಊರೆಲ್ಲ ಮೆರವಣಿಗೆ ಮಾಡ್ತೀನಿ."

"ಶುದ್ಧ ಕತ್ತೆ," ಎಂದು ಬೆನ್ನ ಹಿಂದಿನಿಂದ ಯಾರೋ ಬಹಳ ಸಂತೋಷದಿಂದ ಹೇಳಿದರು.

ಅದು ಮೂರನೇ ಅಂತಸ್ತಿನ ಗಾತ್ಸೋ. ನಿವೃತ್ತ ಎಲೆಕ್ಟ್ರಿಷಿಯನ್, ಹಳೇ ಬ್ರಹ್ಮಚಾರಿ, ಕರೆಯದೆ ಬರುವುದರಲ್ಲಿ ನೆಗಡಿಯನ್ನೂ ಮೀರಿಸಿದವನು. ಬಗ್ಗಿ ಗಿಟಾರನ್ನು ನೋಡಿದ. ಕನ್ನಡಕ ಒರೆಸಿ ಮತ್ತೆ ನೋಡಿದ. ಅವನ ಮೀಸೆ ಸಣ್ಣಗೆ ನಡುಗಿತು.

"ಈ ತಗಡು ಯಾಕೆ ಹೊಡೆದಿರಬಹುದು ಗಾತ್ಸಣ್ಣ? ಕರೆಂಟಿನ ಗುಂಯ್ ಸದ್ದು ತಡೆಯೋಕಾ?"

"ಏನನ್ನೋ ತಡೆಯೋಕಂತೂ ಹೌದು," ಎಂದ ಗಾತ್ಸೋ. "ಬೇಗ ಕೆರೆ. ನಾನೂ ಕೈ ಹಾಕ್ತೀನಿ."

"ಗಾತ್ಸೋ," ಎಂದಳು ವಾಸಿಲ್ಕಾ ಬಾಗಿಲಿನಿಂದ, "ನಿಂಗೆ ಬೇರೆ ಕೆಲಸ ಇಲ್ವಾ?"

"ನಲವತ್ತೇಳು ವರ್ಷದಿಂದ ಇಲ್ಲ," ಎಂದ ಗಾತ್ಸೋ.

ಬಣ್ಣ ಕರಗಿಸಲು ಸ್ಪಾಸ್ ಬಿಸಿಗಾಳಿಯ ಯಂತ್ರ ತಂದ. ಅದನ್ನು ಮೆಣಸಿನಕಾಯಿಯ ಒಲೆಗಳಿಗೆಲ್ಲ ಕರೆಂಟು ಕೊಡುತ್ತಿದ್ದ ಅದೇ ವೈರ್‌ಗೆ ಸಿಕ್ಕಿಸಿ ಗುಂಡಿ ಒತ್ತಿದ. ಟಪ್ ಎಂದಿತು. ಐದೂ ಅಂತಸ್ತಿನ ಕರೆಂಟು ಒಟ್ಟಿಗೆ ಹೋಯಿತು. ಮೇಲಿನ ಕಿಟಕಿಯಿಂದ ಫುಟ್‌ಬಾಲ್ ನೋಡುತ್ತಿದ್ದವನೊಬ್ಬ ತಲೆ ಹೊರಹಾಕಿ ಸ್ಪಾಸನ ವಂಶದ ಮೂರು ತಲೆಮಾರನ್ನು ಹೆಸರು ಹಿಡಿದು ವಿಚಾರಿಸಿಕೊಂಡ. ಲಿಫ್ಟಿನೊಳಗೆ ಎರಡು ಮೂಟೆ ಟೊಮೆಟೊ ಮತ್ತು ಸ್ಪಾಸನ ಹೆಂಡತಿ ರುಮ್ಯಾನಾ ಸಿಕ್ಕಿಕೊಂಡರು. ಅಲ್ಲಿಂದ ಅವಳ ದನಿ ಬಾವಿಯೊಳಗಿನಿಂದ ಬಂದ ಹಾಗೆ ಕೇಳಿತು. "ಸ್ಪಾಸ್, ಇದು ನೀನೇ ಅಂತ ನಂಗೆ ಗೊತ್ತು."

ಗಾತ್ಸೋ ಫ್ಯೂಸು ಸರಿಮಾಡುವಷ್ಟರಲ್ಲಿ ಹನ್ನೆರಡಾಯಿತು. ಬಿಸಿಗಾಳಿಯ ಯಂತ್ರವೂ ಲಿಫ್ಟೂ ಮತ್ತೆ ಏಳಲಿಲ್ಲ. ಸ್ತಾಂಕಾ ಯಂತ್ರವನ್ನು ವೈರಿನಿಂದ ಕಿತ್ತು ಎಸೆದು, "ಬೆಂಕಿ ಬೇಕಿದ್ರೆ ಕೊಪ್ಪರಿಗೆ ಹತ್ರ ಇದೆ, ಅಲ್ಲಿ ಹಿಡಿ," ಎಂದಳು.

ಸ್ಪಾಸ್ ಹಾಗೇ ಮಾಡಿದ. ಕೊಪ್ಪರಿಗೆಯ ಅಂಚಿನಲ್ಲಿ ಗಿಟಾರಿಗೆ ಕಾವು ತೋರಿಸಿ, ಚಾಕುವಿನಿಂದ ಎಬ್ಬಿಸಿದ. ಬಣ್ಣ ಹಪ್ಪಳದಂತೆ ಉಬ್ಬಿ ಚಟ್ಟನೆ ಹಾರಿತು. ನೇರವಾಗಿ ಗೊಜ್ಜಿನೊಳಗೆ.

ನಲವತ್ತು ಬಾಟಲಿ ಗೊಜ್ಜು, ಆರು ಸಂಸಾರದ ಚಳಿಗಾಲ. ಸ್ತಾಂಕಾ ಕೊಪ್ಪರಿಗೆಯನ್ನು ನೋಡಿದಳು, ಸ್ಪಾಸನನ್ನು ನೋಡಿದಳು, ಸೌಟಿನ ಉದ್ದ ನೋಡಿದಳು.

"ಎರಡೂ ಕೆಂಪೇ ಅಲ್ವಾ," ಎಂದ ಗಾತ್ಸೋ. "ಯಾರಿಗೂ ಗೊತ್ತಾಗಲ್ಲ."

ಮುಂದಿನ ಒಂದು ಗಂಟೆ ಸ್ಪಾಸ್ ಸಣ್ಣ ಚಮಚ ಹಿಡಿದು ಕೊಪ್ಪರಿಗೆಯ ಮುಂದೆ ಮಂಡಿಯೂರಿ ಬಣ್ಣದ ಚೂರು ಹೆಕ್ಕಿದ. ಪಕ್ಕದಲ್ಲಿ ಸೌಟು ಕಾವಲಿತ್ತು. ಅವನು ಹೆಕ್ಕಿ ಮುಗಿಸಿ ಎದ್ದಾಗ ಗಾತ್ಸೋ ಉಗುರಿನಿಂದಲೇ ಕೆರೆಯುತ್ತ ಗಿಟಾರಿನ ತಳದ ಬಣ್ಣವನ್ನು ಅರ್ಧ ಅಡಿ ತೆಗೆದುಬಿಟ್ಟಿದ್ದ.

"ಸ್ಪಾಸ್," ಎಂದಳು ಸ್ತಾಂಕಾ, "ಇದು ಮಂಡಿ."

ಎಲ್ಲರೂ ಬಗ್ಗಿದರು. ಹೌದು, ಮಂಡಿ. ಒಂದಲ್ಲ, ಎರಡು. ದುಂಡಗಿನ, ಬಿಸಿಲಿಗೆ ಕಂದಿದ, ಯಾರೋ ಬಹಳ ಮುತುವರ್ಜಿಯಿಂದ ಬರೆದ ಹೆಣ್ಣಿನ ಮಂಡಿಗಳು. ಪಾದವಿರಬೇಕಾದ ಮೂಲೆ ಗರಗಸಕ್ಕೆ ಹೋಗಿತ್ತು.

ಅಲ್ಲಿಂದ ಮುಂದೆ ಸ್ಪಾಸನಿಗೆ ಸಹಾಯದ ಕೊರತೆ ಬೀಳಲಿಲ್ಲ. ಫುಟ್‌ಬಾಲ್ ನೋಡುತ್ತಿದ್ದವನು ಮೇಲಿನಿಂದ ಸ್ಕ್ರೂಡ್ರೈವರ್ ತಂದ. ಬೆಳಗಿನಿಂದ ಬೆನ್ನು ನೋವೆಂದು ಮಲಗಿದ್ದ ಇಬ್ಬರು ಗಂಡಸರು ಉಪ್ಪುಕಾಗದ ತಂದರು. ಗೊಜ್ಜು ತಿರುಗಿಸುವವರಿಲ್ಲದೆ ತಳ ಹಿಡಿಯಿತು.

"ಮುಚ್ಚಿಡಿ ಅದನ್ನ," ಎಂದಳು ವಾಸಿಲ್ಕಾ. "ನಾಚಿಕೆ ಇಲ್ವಾ ನಿಮಗೆ? ನಡುಹಗಲಲ್ಲಿ."

"ಕಲೆ ಅತ್ತೆ ಇದು," ಎಂದ ಸ್ಪಾಸ್.

ಹನ್ನೊಂದು ಸ್ಕ್ರೂ ಕಳಚಿ ನಗುವ ಹಸುವಿನ ತಗಡು ಎತ್ತಿದಾಗ ಅಡಿಯಲ್ಲಿ ನೀಲಿ ಪಟ್ಟೆಯ ಈಜುಡುಗೆ ಕಂಡಿತು. ಅದರೊಳಗೆ ಇರಬೇಕಾದದ್ದೆಲ್ಲ ಇರಬೇಕಾದ ಅಳತೆಯಲ್ಲೇ ಇತ್ತು. ಫುಟ್‌ಬಾಲ್‌ನವನು ಕ್ಯಾಪು ತೆಗೆದ. ಇನ್ನೊಂದು ಗೇಣು ಕೆರೆದಾಗ ಕೈ, ಕೈಯಲ್ಲಿ ಕಚ್ಚಿದ ಕಲ್ಲಂಗಡಿ ಹೋಳು, ಹಿಂದೆ ಡ್ಯಾನ್ಯೂಬ್ ನದಿ.

"ಇಂಥಾ ಚಿತ್ರದ ಮೇಲೆ ಗೇಟಿನ ಬಣ್ಣ ಬಳಿದಿದ್ದಾನಲ್ಲ," ಎಂದು ಸ್ಪಾಸ್ ಹಲ್ಲು ಕಡಿದ. "ಕಣ್ಣಿಲ್ಲದ ಕತ್ತೆ. ಅವನ ಹೆಂಡತಿ ಅದ್ಹೇಗೆ ಬಾಳಿದಳೋ."

"ಅದನ್ನೇ ನಾನೂ ಕೇಳ್ತಿರೋದು," ಎಂದ ಗಾತ್ಸೋ.

"ಈ ಕೆಂಪು ನೋಡು," ಎಂದಳು ಸ್ತಾಂಕಾ, "ನಿಮ್ಮ ಮನೆ ಸ್ಟೂಲಿನ ಥರಾನೇ ಇದೆಯಲ್ಲ."

"ಆಗೆಲ್ಲ ಊರಿಗೆ ಒಂದೇ ಕೆಂಪು ಇತ್ತು," ಎಂದ ಸ್ಪಾಸ್. ಅವನಿಗೆ ಗಡಿಯಾರದ ಮೇಲೆ ಕಣ್ಣು. ನಾಲ್ಕೂವರೆ. ಜೇನುತುಪ್ಪದ ಬಣ್ಣ ಹೋಗಲಿ, ಇದನ್ನು ಹೀಗೇ ಹಿಡಿದು ವೇದಿಕೆ ಹತ್ತಿದರೆ ತೋಶ್ಕೋನ ಅಳಿಯ ಕೀಬೋರ್ಡು ಮಡಚಿಕೊಂಡು ಮನೆಗೆ ಹೋಗಬೇಕಾದೀತು. ಮಿಕ್ಕಿದ್ದು ಮುಖ ಒಂದೇ. ಅವನು ಕೊನೆಯ ಉಬ್ಬಿದ ಬಣ್ಣದ ಕೆಳಗೆ ಚಾಕು ತೂರಿಸಿ ಒಂದೇ ಎಳೆತಕ್ಕೆ ಎಬ್ಬಿಸಿದ.

ಹುಡುಗಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಗುತ್ತಿದ್ದಳು. ಗಲ್ಲದ ಮೇಲೊಂದು ಕಪ್ಪು ಮಚ್ಚೆ.

ಸ್ಪಾಸ್ ಅದು ಹೊಗೆಯ ಮಸಿ ಇರಬೇಕೆಂದು ಹೆಬ್ಬೆರಳಿನಿಂದ ಉಜ್ಜಿದ. ಹೋಗಲಿಲ್ಲ. ಎಂಜಲು ಹಚ್ಚಿ ಉಜ್ಜಿದ. ಇನ್ನಷ್ಟು ಹೊಳೆಯಿತು. ಸುತ್ತ ನಿಂತ ಹನ್ನೆರಡು ತಲೆಗಳು ನಿಧಾನವಾಗಿ, ಒಂದೇ ದಾರಕ್ಕೆ ಕಟ್ಟಿದ ಹಾಗೆ, ಬಾಗಿಲ ಕಡೆ ತಿರುಗಿದವು. ಫುಟ್‌ಬಾಲ್‌ನವನು ಕ್ಯಾಪನ್ನು ಮತ್ತೆ ಹಾಕಿಕೊಂಡ.

ವಾಸಿಲ್ಕಾ ಮೆಣಸಿನಕಾಯಿಯ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಎದ್ದು ಬಂದಳು. ಬಗ್ಗಿ ತನ್ನನ್ನು ತಾನು ನೋಡಿದಳು.

"ಮೂಗು ಸ್ವಲ್ಪ ದಪ್ಪ ಆಗಿದೆ ಗಾತ್ಸೋ."

"ಬಿಸಿಲಿತ್ತು," ಎಂದ ಗಾತ್ಸೋ. "ನೀನು ಅಲ್ಲಾಡ್ತಿದ್ದೆ."

ಸ್ಪಾಸ್ ಗಿಟಾರನ್ನು ಮಡಿಲಿಗೆ ಎತ್ತಿಕೊಂಡು ಸ್ಟೂಲಿನ ಮೇಲೆ ಕೂತ. ಸ್ಟೂಲು ಕೆಂಪಾಗಿತ್ತು. ತಮ್ಮ ಮನೆಯ ಬಾಲ್ಕನಿಯಲ್ಲಿ ಮಾವ ಬಳಿದ ಕಂಬಿ ಕೆಂಪಾಗಿತ್ತು. ಕಲಾಭವನದ ಬೀಗದ ಕೈ ಮೂವತ್ತು ವರ್ಷ ಮಾವನ ಸೊಂಟದಲ್ಲಿತ್ತು ಎಂಬುದು ಅವನಿಗೆ ಈಗ ನೆನಪಾಯಿತು.

"ಮದುವೆ ಆದ ವಾರದಲ್ಲೇ ಇಲಿಯಾ ಇದನ್ನ ನೋಡಿಬಿಟ್ಟ," ಎಂದಳು ವಾಸಿಲ್ಕಾ, ಹಾಲು ಉಕ್ಕಿದ ಸುದ್ದಿ ಹೇಳುವಷ್ಟೇ ತಣ್ಣಗೆ. "ಸುಟ್ಟುಬಿಡೋಣ ಅಂದ್ರೆ ಕಲಾಭವನದ ಗಿಟಾರು, ಸರ್ಕಾರದ ಸ್ವತ್ತು, ನಂಬರು ಹೊಡೆದಿತ್ತು. ಅದಕ್ಕೇ ಬಳಿದ. ಒಂದು ಕೋಟ್ ಹೊಡೆದ, ಕಾಣ್ತು. ಎರಡು ಹೊಡೆದ, ಆಗಲೂ ಕಾಣ್ತು. ಮೂರು ಹೊಡೆದು, ಮೇಲೆ ತಗಡು ಹಾಕಿದ."

"ಮೂಲೆ ಯಾಕೆ ಕೊಯ್ದದ್ದು?" ಎಂದು ಸ್ತಾಂಕಾ ಕೇಳಿದಳು. ಅವಳಿಗೆ ಯಾವುದನ್ನೂ ಅರ್ಧಕ್ಕೆ ಬಿಟ್ಟು ಅಭ್ಯಾಸವಿಲ್ಲ.

"ಅಲ್ಲಿ ನನ್ನ ಹೆಸರು ಬರೆದಿದ್ದೆ," ಎಂದ ಗಾತ್ಸೋ.

"ಅತ್ತೆ," ಎಂದ ಸ್ಪಾಸ್, "ನಂಗೆ ಒಂದು ಮಾತು ಹೇಳಬಾರದಿತ್ತಾ?"

"ಬಣ್ಣ ಚೆನ್ನಾಗೇ ಇದೆ ಅಂತ ಬೆಳಿಗ್ಗೆಯೇ ಹೇಳಿದೆ. ಈ ಮನೇಲಿ ನನ್ನ ಮಾತು ಯಾರು ಕೇಳ್ತಾರೆ."

ಅಷ್ಟರಲ್ಲಿ ಹೇಗೋ ಲಿಫ್ಟಿನ ಬಾಗಿಲು ಬಿಡಿಸಿಕೊಂಡ ರುಮ್ಯಾನಾ ಗುಂಪನ್ನು ಸೀಳಿಕೊಂಡು ಬಂದಳು. ಲಿಫ್ಟಿನಲ್ಲಿ ಅರ್ಧ ದಿನ ಕಳೆದವಳ ಮುಖವೇ ಒಂದು ತೂಕವಾದರೆ, ಗಿಟಾರನ್ನು ನೋಡಿದ ಮೇಲಿನ ಮುಖ ಇನ್ನೊಂದು ತೂಕ. ಅವಳು ಚಿತ್ರ ನೋಡಿದಳು, ತಾಯಿಯನ್ನು ನೋಡಿದಳು, ಗಾತ್ಸೋನನ್ನು ಬಹಳ ಹೊತ್ತು ನೋಡಿದಳು. ಕೊನೆಗೆ ಗಂಡನ ಕಡೆ ತಿರುಗಿದಳು.

"ಇದನ್ನ ಹಿಡ್ಕೊಂಡು ವೇದಿಕೆ ಮೇಲೆ ನಿಲ್ತೀಯಾ? ಊರೆಲ್ಲ ಕೂತಿರುತ್ತೆ. ನಮ್ಮಮ್ಮನ ಹೊಟ್ಟೆ ಮೇಲೆ ಬೆರಳಾಡಿಸ್ತಾ ಬಾರಿಸ್ತೀಯಾ?"

ಸ್ಪಾಸ್ ಅದನ್ನು ಆ ದೃಷ್ಟಿಯಿಂದ ಯೋಚಿಸಿರಲಿಲ್ಲ. ಈಗ ಯೋಚಿಸಿದ.

"ಮತ್ತೆ ಏನು ಮಾಡ್ಲಿ? ಏಳು ಗಂಟೆಗೆ ಹೋಗ್ದಿದ್ರೆ ನನ್ನ ಜಾಗ ಹೋಯ್ತು."

ರುಮ್ಯಾನಾ ಮನೆಗೆ ಹೋಗಿ ಬಾಲ್ಕನಿಯಿಂದ ಅಪ್ಪನ ಹಳೆಯ ಡಬ್ಬಿಯನ್ನೂ ಕುಂಚವನ್ನೂ ತಂದು ಅವನ ಮುಂದಿಟ್ಟಳು. ಮುಚ್ಚಳ ತೆಗೆದರೆ ಕೆಂಪು, ಇನ್ನೂ ಅರ್ಧ ಡಬ್ಬಿ.

ಹೀಗೆ ಇಡೀ ದಿನ ಕೆರೆದ ಬಣ್ಣವನ್ನು ಸ್ಪಾಸ್ ಸಂಜೆ ಐದೂವರೆಗೆ ತನ್ನ ಕೈಯಾರೆ ಹಿಂದೆ ಮುಂದೆ ಎರಡೂ ಕಡೆ ಮತ್ತೆ ಬಳಿದ. ಹನ್ನೊಂದು ಸ್ಕ್ರೂಗಳಲ್ಲಿ ಒಂಬತ್ತೇ ಸಿಕ್ಕಿದವು. ಎರಡು ಗೊಜ್ಜಿಗೆ ಬಿದ್ದಿರಬಹುದೆಂಬ ಅನುಮಾನವನ್ನು ಅವನು ಯಾರ ಮುಂದೂ ಹೇಳಲಿಲ್ಲ. ನಗುವ ಹಸು ಅತ್ತೆಯ ಹೊಟ್ಟೆಯನ್ನು ಮತ್ತೆ ಮುಚ್ಚಿತು. ಗಾತ್ಸೋ ಪಕ್ಕದಲ್ಲಿ ನಿಂತು, ಹೆಣವನ್ನು ಗುಂಡಿಗೆ ಇಳಿಸುವುದನ್ನು ನೋಡುವವನ ಹಾಗೆ ನೋಡಿದ.

ಏಳಕ್ಕೆ ಐದು ನಿಮಿಷವಿರುವಾಗ ಸ್ಪಾಸ್ ಓಡುತ್ತ ಕಲಾಭವನದ ವೇದಿಕೆ ಹತ್ತಿದ. ಬಿಳಿ ಅಂಗಿ, ಕುತ್ತಿಗೆಗೆ ಪಟ್ಟಿ, ಪಟ್ಟಿಯಲ್ಲಿ ಹಸಿ ಬಣ್ಣದ ಗಿಟಾರು. ತೋಶ್ಕೋ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಬೆಳಿಗ್ಗೆ ಇದಕ್ಕಿಂತ ಚೆನ್ನಾಗಿತ್ತಲ್ಲಯ್ಯ. ಯಾವ ಕತ್ತೆ ಬಳಿದದ್ದು ಇದನ್ನ?"

ಸ್ಪಾಸ್ ಮುಂದಿನ ಸಾಲು ನೋಡಿದ. ಅತ್ತೆ ಕೂತಿದ್ದಳು, ಅವಳ ಒಂದು ಪಕ್ಕ ರುಮ್ಯಾನಾ, ಇನ್ನೊಂದು ಪಕ್ಕ ಟೈ ಕಟ್ಟಿದ ಗಾತ್ಸೋ.

"ನಾನೇ," ಎಂದ.

"ತೆಗೆದಿಡು ಅದನ್ನ. ನನ್ನ ಅಳಿಯನ್ನ ಕರೀತೀನಿ."

ಸ್ಪಾಸ್ ತೆಗೆಯಲು ನೋಡಿದ. ಬಣ್ಣಕ್ಕೆ ಅಂಟಿದ ಅಂಗಿ ಬಿಡಲಿಲ್ಲ. ತೋಶ್ಕೋ ಕೈ ಹಾಕಿ ಎಳೆದ. ಎರಡು ಗುಂಡಿ ಬಂದವು, ಗಿಟಾರು ಬರಲಿಲ್ಲ. ಅಷ್ಟರಲ್ಲಿ ಪರದೆ ಸರಿಯಿತು, ಜನ ಚಪ್ಪಾಳೆ ತಟ್ಟಿದರು. ತೋಶ್ಕೋ ಹಲ್ಲು ಕಿರಿದು ನಗುತ್ತ ಹಿಂದೆ ಸರಿಯಲೇಬೇಕಾಯಿತು. ಜಾಗ ಉಳಿಯಿತು, ಸ್ಪಾಸ್ ಅಂಟಿಕೊಂಡೇ ಉಳಿಸಿಕೊಂಡಂತಾಯಿತು. ಬೆಳಗಿನಿಂದ ಮೊದಲ ಸಲ ಅವನು ಉಸಿರು ಬಿಟ್ಟ.

ಮುಂದಿನ ಸಾಲಿನಲ್ಲಿ ವಾಸಿಲ್ಕಾ ಮಗಳ ಕಡೆ ಬಾಗಿದಳು. ಕಿವಿ ಮಂದವಾದವರ ಪಿಸುಮಾತು ಅದು. ವೇದಿಕೆಯವರೆಗೂ ಕೇಳಿತು.

"ನಿಮ್ಮಪ್ಪ ಮೂರು ಕೋಟ್ ಹೊಡೆದಿದ್ದ. ಇವನು ಎಷ್ಟು ಹೊಡೆದ?"

"ಒಂದೇ ಅಮ್ಮಾ. ಹೊತ್ತೆಲ್ಲಿತ್ತು?"

ಆಗಲೇ ದೊಡ್ಡ ದೀಪ ಹತ್ತಿ ನೇರವಾಗಿ ಸ್ಪಾಸನ ಮೇಲೆ ಬಿತ್ತು. ಹಸಿ ಕೆಂಪಿನ ಅಡಿಯಿಂದ ಮೊದಲು ಎರಡು ಮಂಡಿ ಎದ್ದವು, ಆಮೇಲೆ ಕಲ್ಲಂಗಡಿ, ಆಮೇಲೆ ಮುಖ, ಮಚ್ಚೆ. ಒಂಬತ್ತು ಸ್ಕ್ರೂಗಳ ತಗಡು ಕಳಚಿ ಠಣ್ ಎಂದು ಬಿದ್ದು ಉರುಳಿತು. ನಾನೂರು ಜನ ಒಟ್ಟಿಗೆ ಉಸಿರೆಳೆದುಕೊಂಡು, ಆಮೇಲೆ ಒಬ್ಬೊಬ್ಬರಾಗಿ ಮುಂದಿನ ಸಾಲಿನ ಕಡೆ ಕತ್ತು ಚಾಚಿದರು.

ವಾಸಿಲ್ಕಾ ತಲೆಯ ಕಪ್ಪು ವಸ್ತ್ರವನ್ನು ನಿಧಾನವಾಗಿ ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಬೆಳಕಿಗೆ ಮುಖ ಕಾಣುವ ಹಾಗೆ ನೆಟ್ಟಗೆ ಕೂತಳು.