ಅತ್ತೆಯವರ ಹಾಡಿಗೊಂದು ಸ್ಪೀಕರ್

ನಮ್ಮ ಕಡೆ ಸ್ಪೀಕರ್ ಕೊಳ್ಳಲು ಹೊರಟವರಿಗೆ ಇಂಥದ್ದು ಆಗುತ್ತಲೇ ಇರುತ್ತದೆ. ನನಗೆ ಸ್ವಲ್ಪ ಹೆಚ್ಚೇ ಆಯಿತು.

ನಮ್ಮ ಮದುವೆಯಲ್ಲಿ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಹಸೆಗೆ ಕರೆಯುವ ಹಾಡು ಹೇಳಿದ್ದರು. ಈಗ ಅವರಿಲ್ಲ. ಮದುವೆ ವಿಡಿಯೋದಿಂದ ಪೆನ್‌ಡ್ರೈವಿಗೆ ಇಳಿಸಿದ ಆ ಹಾಡಿದೆ. ಫೋನಿನಲ್ಲಿ ಹಾಕಿದರೆ ಹೆಂಡತಿಗೆ ಸಮಾಧಾನವಿಲ್ಲ. "ಇದು ಅಮ್ಮನ ದನಿಯೇ ಅಲ್ಲ ರೀ, ಸೊಳ್ಳೆ ಗುಂಯ್‌ಗುಟ್ಟಿದ ಹಾಗಿದೆ. ಅಮ್ಮ ಎದುರಿಗೆ ಕೂತು ಹಾಡಿದ ಹಾಗೆ ಒಂದ್ಸಲ ಕೇಳ್ಬೇಕು" ಎಂದಳು. ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಹೊರಟೆ.

ಡೆಮೋ

ಶಿವಮೊಗ್ಗದ ಅಂಗಡಿಯೊಂದರಲ್ಲಿ ಸ್ಪೀಕರ್‌ಗಳೆಲ್ಲ ಡಬ್ಬದೊಳಗೇ ಇದ್ದವು. ಒಂದನ್ನು ಹಾಕಿ ಕೇಳಿಸಿ ಎಂದೆ.

"ಬಾಕ್ಸ್ ಓಪನ್ ಮಾಡಿದ್ರೆ ಬೇರೆಯವ್ರು ತಗೊಳಲ್ಲ ಸರ್. ಡೆಮೋ ಇದೆ, ಬನ್ನಿ" ಎಂದ ಮಾಲೀಕರು ಮೊಬೈಲ್ ತೆಗೆದರು. ಅದರಲ್ಲಿ ಯಾರೋ ಪುಣ್ಯಾತ್ಮ ಅದೇ ಸ್ಪೀಕರ್ ಹಾಕಿ ತೋರಿಸುತ್ತಿದ್ದ. ಮೊಬೈಲನ್ನು ನನ್ನ ಕಿವಿಗೆ ಹಿಡಿದು, "ಬೇಸ್ ಹೆಂಗಿದೆ ಕೇಳಿ!" ಎಂದರು.

"ನಿಮ್ಮ ಫೋನು ಚೆನ್ನಾಗಿದೆ" ಎಂದೆ.

ಮಾಲೀಕರ ಮುಖ ಅರಳಿತು. "ಅದೂ ನಮ್ಮಲ್ಲೇ ಸಿಗುತ್ತೆ ಸರ್, ಪ್ಯಾಕ್ ಮಾಡ್ಲಾ?"

ಹೊಸಮನೆಯ ಜೋಡಿ

ಹೊಸಮನೆ ಬಡಾವಣೆಯಲ್ಲಿ ನಿವೃತ್ತ ಅಧಿಕಾರಿಯೊಬ್ಬರ ಬಳಿ ಒಳ್ಳೆಯ ಜೋಡಿ ಸ್ಪೀಕರ್ ಇದೆ ಎಂದು ಗೊತ್ತಾಗಿ, ಕೇಳಿ ನೋಡೋಣವೆಂದು ಹೋದೆ. ಆಯುಧಪೂಜೆಯ ಕುಂಕುಮ ಇನ್ನೂ ಎರಡರ ಹಣೆಯಲ್ಲೂ ಇತ್ತು. ಬಂದ ದಿನದ ಪ್ಲಾಸ್ಟಿಕ್ ಕವರೂ ಹಾಗೇ ಇತ್ತು. ಹಾಡು ಹಾಕಿದರೆ ಅತ್ತೆ ಕಂಬಳಿ ಹೊದ್ದುಕೊಂಡು ಹಾಡಿದಂತಾಯಿತು.

"ಕವರ್ ಒಂಚೂರು ತೆಗೆಯಬಹುದಾ ಸರ್?"

"ಅಯ್ಯೋ, ಒಳಗೆ ಧೂಳು ಹೋಗುತ್ತೆ ಮಾರಾಯ್ರೇ! ಒಳ್ಳೆ ಸೌಂಡ್ ಬೇಕು ಅಂದ್ರೆ ನಾನು ಆ ರೇಡಿಯೋ ಹಚ್ಕೋತೀನಿ."

ಭದ್ರಾವತಿಯ ಮದುವೆ

ಭದ್ರಾವತಿಯಲ್ಲಿ ಶಾಮಿಯಾನದ ಜೊತೆ ಸೌಂಡ್ ಸಿಸ್ಟಂ ಬಾಡಿಗೆಗೆ ಕೊಡುವವರೊಬ್ಬರು ಸ್ಪೀಕರನ್ನೂ ಮಾರುತ್ತಾರೆ. ಕೇಳಿಸಲು ಇವರಿಗೆ ಯಾವ ಬಿಗುಮಾನವೂ ಇಲ್ಲ. "ಮನೆಗೂ ಆಗುತ್ತೆ, ಮೈದಾನಕ್ಕೂ ಆಗುತ್ತೆ ಸಾರ್" ಎಂದು ನನಗಿಂತ ಎತ್ತರದ ಪೆಟ್ಟಿಗೆಯನ್ನು ರಸ್ತೆಗೆ ತಿರುಗಿಸಿ ಹಾಕಿದರು. ಅತ್ತೆಯ ದನಿ ಮೂರು ಬೀದಿಗೆ ಕೇಳಿತು. ಮನೆಯಲ್ಲಿ ಇದನ್ನಿಟ್ಟರೆ ನಾವು ಹೊರಗೆ ಮಲಗಬೇಕು.

ಅಷ್ಟರಲ್ಲಿ ಇಸ್ತ್ರಿ ಶರ್ಟು ಹಾಕಿಕೊಂಡ ಹಿರಿಯರೊಬ್ಬರು ಬಂದರು. "ಯಾರ ಮದುವೆ ಸಾರ್? ನಮಗೆ ಹೇಳೇ ಇಲ್ವಲ್ಲ!"

"ನಂದೇ. ಆಗಿ ಬಹಳ ವರ್ಷ ಆಯ್ತು."

ಅವರು ಪೆಚ್ಚಾದರು. "ಹಂಗಾದ್ರೆ ಊಟನೂ ಮುಗಿದಿರುತ್ತೆ ಬಿಡಿ."

ವಾಪಸ್ ಕಳಿಸುವ ಅವಕಾಶ

ಸಾಕಾಗಿ ಆನ್‌ಲೈನಿನಲ್ಲೇ ತರಿಸಿದೆ. ಹಿಡಿಸದಿದ್ದರೆ ವಾಪಸ್ ಕಳಿಸಬಹುದು. ಹೆಂಡತಿ ಡಬ್ಬ, ಥರ್ಮಾಕೋಲು ಎಲ್ಲವನ್ನೂ ಜೋಪಾನವಾಗಿ ತೆಗೆದಿಟ್ಟು ಎದುರಿಗೆ ಕೂತಳು.

ಹಾಡು ಶುರುವಾಯಿತು. ಬಳೆಯ ಸದ್ದು, ಸೀರೆಯ ಸರಬರ, ನಡುವೆ ಅತ್ತೆಯ ತುಂಬು ದನಿ. ಅವಳ ಕಣ್ಣು ತುಂಬಿತು. ನಾನು ವಾಲ್ಯೂಮ್ ಒಂಚೂರು ಏರಿಸಿದೆ. ಮೊದಲ ನುಡಿ ಮುಗಿದು ಎರಡನೆಯದು ಶುರುವಾಗುವ ಮುಂಚೆ ಅತ್ತೆ ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಿದ್ದರು. ಫೋನಿನಲ್ಲಿ ಅದು ಯಾವತ್ತೂ ಕೇಳಿಸಿರಲಿಲ್ಲ. ಈಗ ಒಂದೊಂದು ಅಕ್ಷರವೂ ಕೇಳಿಸಿತು.

"ಹುಡುಗ ಸ್ವಲ್ಪ ಮಂಕು ಕಣೇ. ಆದ್ರೆ ಹೇಳಿದ್ದು ಕೇಳ್ತಾನೆ, ನಮ್ಮ ಹುಡುಗಿಗೆ ಅಷ್ಟು ಸಾಕು."

ಆಮೇಲೆ ಏನೂ ಆಗದವರಂತೆ ಎರಡನೇ ನುಡಿ ಎತ್ತಿಕೊಂಡರು.

"ಈ ಸ್ಪೀಕರ್ ಸರಿ ಇಲ್ಲ. ನಾಳೆನೇ ವಾಪಸ್ ಕಳಿಸ್ತೀನಿ" ಎಂದೆ.

ಹೆಂಡತಿ ಅಳುತ್ತಿದ್ದಳೋ ನಗುತ್ತಿದ್ದಳೋ, ಅವಳಿಗೇ ಗೊತ್ತಿರಲಿಲ್ಲ. "ಕಳಿಸಿದ್ರೆ ನೋಡಿ ಮತ್ತೆ! ಅಮ್ಮನೇ ಕಣ್ರೀ, ಥೇಟ್ ಅಮ್ಮನೇ! ಇನ್ನೊಂದ್ಸಲ ಹಾಕಿ."

ಹಾಕಿದೆ.