ನನ್ನ ಫೋಟೋದ ಮುಂದೆ ಅತ್ತವರು

ನಾವು ಸತ್ತ ಮೇಲೆ ನಮಗಾಗಿ ಯಾರು ಎಷ್ಟು ಅಳುತ್ತಾರೆ ಎಂಬ ಕುತೂಹಲ ಅರವತ್ತು ದಾಟಿದ ಎಲ್ಲರಿಗೂ ಒಳಗೊಳಗೇ ಇರುತ್ತದೆ. ಕೇಳಿದರೆ ಯಾರೂ ಒಪ್ಪಿಕೊಳ್ಳುವುದಿಲ್ಲ. ನನಗೆ ಮಾತ್ರ ಆ ಕುತೂಹಲ ಉಳಿದಿಲ್ಲ. ವರ್ಷಕ್ಕೂ ಹೆಚ್ಚು ಕಾಲ, ವಾರಕ್ಕೆ ಐದು ಸಂಜೆ, ಹಾರ ಹಾಕಿದ ನನ್ನ ಫೋಟೋದ ಮುಂದೆ ನನ್ನ ಮಗಳು ನಿಂತು ಅಳುವುದನ್ನು ನಾನು ಶಿವಮೊಗ್ಗದ ಹೊಸಮನೆಯ ನಮ್ಮ ಮನೆಯಲ್ಲಿ ಮಂಡಕ್ಕಿ ತಿನ್ನುತ್ತಾ ಟೀವಿಯಲ್ಲಿ ನೋಡಿದ್ದೇನೆ.

ಮಗಳು ಶಾಂಭವಿ ಬೆಂಗಳೂರಿನಲ್ಲಿ ಧಾರಾವಾಹಿಯ ನಟಿ. ಕಥೆಯ ಪ್ರಕಾರ ಅವಳಿಗೆ ತಂದೆ ಇಲ್ಲ; ಆದರೆ ಗೋಡೆಯ ಮೇಲೆ ತಂದೆಯ ಫೋಟೋ ಬೇಕು. ಬದುಕಿರುವವರು ಯಾರೂ ತಮ್ಮ ಫೋಟೋಗೆ ಹಾರ ಹಾಕಿಸಿಕೊಳ್ಳಲು ಒಪ್ಪುವುದಿಲ್ಲವಂತೆ. "ಅಪ್ಪ, ನಿನ್ನ ಫೋಟೋ ಕೊಡ್ಲಾ? ನಿನ್ನ ಮುಖ ನೋಡಿದ್ರೆ ನಂಗೆ ಅಳು ಬೇಗ ಬರುತ್ತೆ" ಎಂದು ಫೋನಿನಲ್ಲಿ ಕೇಳಿದಳು. ಹೊಗಳಿದಳೋ ತೆಗಳಿದಳೋ ತಿಳಿಯದೆ ಹೂಂ ಅಂದೆ. ಭದ್ರಾವತಿಯ ಕಾರ್ಖಾನೆಯ ಆಫೀಸಿನಿಂದ ನಿವೃತ್ತನಾದ ದಿನ ತೆಗೆಸಿದ ಫೋಟೋ ಕಳಿಸಿಕೊಟ್ಟೆ. ಭಾಷಣ ಮುಗಿದು ತಿಂಡಿ ಯಾವಾಗ ಕೊಡುತ್ತಾರೋ ಎಂದು ಕಾಯುತ್ತಿದ್ದ ಮುಖ ಅದು. ಟೀವಿಯಲ್ಲಿ ಅದೇ ಮುಖ ಪರಲೋಕದಿಂದ ಮಗಳನ್ನು ಕರುಣೆಯಿಂದ ನೋಡುತ್ತಿರುವಂತೆ ಕಂಡಿತು. ಹೆಂಡತಿ ಸರ್ವಮಂಗಳ ಮಾತ್ರ, "ನನ್ನ ಹಣೆ ಕುಂಕುಮದ ಗತಿ ಏನು ಅಂತ ಅಪ್ಪ ಮಗಳು ಒಂದು ಮಾತು ಕೇಳಿದ್ರಾ?" ಎಂದು ಕೆಲವು ದಿನ ನನ್ನ ಜೊತೆ ಮಾತು ಬಿಟ್ಟಳು. ಆಮೇಲೆ ಸೋಮವಾರ ಸಂಜೆ ಈಶ್ವರನ ಗುಡಿಗೆ ಹೋಗುವುದನ್ನು ಕಡ್ಡಾಯ ಮಾಡಿಕೊಂಡಳು.

ಊರಿನಲ್ಲಿ ನನ್ನ ಸ್ಥಿತಿ ವಿಚಿತ್ರವಾಯಿತು. ಭದ್ರಾವತಿಯಲ್ಲಿ ನನ್ನ ಅಕ್ಕ ಇದ್ದಾಳೆ. ಅವಳ ಪಕ್ಕದ ಮನೆಯ ಸೆಲ್ವಿಯಮ್ಮ ಒಂದು ಮದುವೆ ಊಟದಲ್ಲಿ ನನ್ನೆದುರು ಕೂತವರು ಎಲೆಗೆ ಕೈ ಹಾಕದೆ ನನ್ನನ್ನೇ ದಿಟ್ಟಿಸುತ್ತಿದ್ದರು. ನಾನು ಮತ್ತೊಮ್ಮೆ ಪಾಯಸ ಹಾಕಿಸಿಕೊಂಡ ಮೇಲೆ ಅವರಿಗೆ ಸಮಾಧಾನವಾಯಿತು. ಪಿಂಚಣಿಗಾಗಿ ನಾನು ಬದುಕಿದ್ದೇನೆಂದು ತೋರಿಸಿಕೊಳ್ಳಲು ಬ್ಯಾಂಕಿಗೆ ಹೋದಾಗ ಕೌಂಟರಿನ ಹುಡುಗಿ, "ಸಾರ್, ನಿನ್ನೆ ಸಂಜೆ ನಿಮಗೆ ದೀಪ ಹಚ್ಚಿದ್ರಲ್ಲ, ಈಗ ಹೇಗೆ ನಂಬೋದು?" ಎಂದಳು. ನಾನೂ ನಕ್ಕೆ. ಮಗಳಿಂದಾಗಿ ನಾನೂ ಅಷ್ಟಿಷ್ಟು ಹೆಸರಾಂತ ನಟನಾಗಿದ್ದೆ.

ಶಾಂಭವಿಗೆ ಈ ಹುಚ್ಚು ಹಿಡಿಸಿದ್ದು ಟೀವಿಯಲ್ಲ, ನಾಟಕ. ಕಾಲೇಜಿನಲ್ಲಿದ್ದಾಗ ಇಲ್ಲಿನ ಹವ್ಯಾಸಿ ತಂಡವೊಂದಕ್ಕೆ ಸೇರಿದಳು. ಮೊದಲ ಪಾತ್ರವೇ ಹಣ್ಣು ಹಣ್ಣು ಮುದುಕಿಯದು, ಪ್ರದರ್ಶನ ಭದ್ರಾವತಿಯಲ್ಲಿ. ನಾಟಕ ಮುಗಿದ ಮೇಲೆ ಬಸ್ಸು ತಪ್ಪುತ್ತದೆಂದು ಬಣ್ಣ ತೆಗೆಯದೆ, ಬಿಳಿ ಕೂದಲಿನಲ್ಲೇ ಬಸ್ಸು ಹತ್ತಿದಳು. ಒಬ್ಬ ಯುವಕ "ಬನ್ನಿ ಅಜ್ಜಿ, ಕೂತ್ಕೊಳ್ಳಿ" ಎಂದು ಎದ್ದು ಜಾಗ ಕೊಟ್ಟ. ಇವಳು ನಡುಗುವ ಕೈಯೆತ್ತಿ "ಚೆನ್ನಾಗಿ ಬಾಳಪ್ಪ" ಎಂದು ಹರಸಿ ಕೂತವಳು ಶಿವಮೊಗ್ಗ ಬರುವವರೆಗೂ ಬೆನ್ನು ನೆಟ್ಟಗೆ ಮಾಡಲಿಲ್ಲ. ನಾನು ಪಕ್ಕದಲ್ಲಿ ಕಂಬಿ ಹಿಡಿದು ನಿಂತಿದ್ದೆ. ಇಳಿಯುವಾಗ ಆ ಯುವಕ ನನಗೆ, "ನಿಮ್ಮ ತಾಯೀನ ಹುಷಾರಾಗಿ ಇಳಿಸ್ಕೊಳ್ಳಿ ಸಾರ್" ಎಂದ. ಮನೆ ಮುಟ್ಟುವವರೆಗೂ ನಕ್ಕಳು. ಧಾರಾವಾಹಿಗೆ ಹೋಗಿ ಹೆಸರು ಬಂದ ಮೇಲೆ ಅಂಥ ನಗುವನ್ನು ನಾನು ಅವಳ ಮುಖದಲ್ಲಿ ಕಾಣಲಿಲ್ಲ.

ಆ ನಾಟಕದ ಹಂಬಲವೇ ಕೊನೆಗೆ ಅವಳ ಕೆಲಸಕ್ಕೆ ಮುಳುವಾಯಿತು. ಹಳೆಯ ತಂಡದವರು ಹೊಸ ನಾಟಕಕ್ಕೆ ಕರೆದರೆಂದು ಧಾರಾವಾಹಿಯವರ ಹತ್ತಿರ ಒಂದು ವಾರ ರಜೆ ಕೇಳಿದಳು. ಕೊಟ್ಟರು. ನಾಟಕ ಮುಗಿಸಿ ಬೆಂಗಳೂರಿಗೆ ಹೊರಟು ನಿಂತಾಗ ಫೋನು ಬಂತು. ಬೇರೆ ಹುಡುಗಿ ಸಿಕ್ಕಿದ್ದಾಳೆ, ಇನ್ನು ಬರುವುದು ಬೇಡ ಎಂದರಂತೆ. ಶಾಂಭವಿ ಫೋನಿಟ್ಟು, ಕಟ್ಟಿದ್ದ ಬ್ಯಾಗಿನಿಂದ ಒಂದೊಂದೇ ಬಟ್ಟೆ ತೆಗೆದು ಮತ್ತೆ ಬೀರುವಿನಲ್ಲಿ ಜೋಡಿಸಿದಳು. ಬೇರೆ ಕಡೆ ಕೆಲಸ ಕೇಳಿದರೆ, ರಜೆ ಕೇಳುವ ಹುಡುಗಿ ಎಂಬ ಹೆಸರು ಅವಳಿಗಿಂತ ಮೊದಲೇ ಅಲ್ಲಿಗೆ ಹೋಗಿರುತ್ತಿತ್ತು. ಭದ್ರಾವತಿಯಿಂದ ಅಕ್ಕ ಬಂದು, "ಹೋದ್ರೆ ಹೋಯ್ತು ಬಿಡೇ ಮಾರಾಯ್ತಿ, ದಿನಾ ಅಳೋ ಕೆಲ್ಸ ಯಾರಿಗೆ ಬೇಕು" ಎಂದು ಸಮಾಧಾನ ಹೇಳಿದಳು. "ನಂಗೆ ಬರೋದು ಅದೊಂದೇ ಅಲ್ವಾ ಅತ್ತೆ" ಎಂದಳು ಮಗಳು.

ಮಗಳನ್ನು ತೆಗೆದ ಮೇಲೆ ಅಪ್ಪನನ್ನೂ ತೆಗೆಯುತ್ತಾರೆ ಎಂದುಕೊಂಡಿದ್ದೆ. ತೆಗೆಯಲಿಲ್ಲ. ನಾಯಕಿ ಬದಲಾದರೆ ಜನ ಒಂದು ವಾರದಲ್ಲಿ ಒಗ್ಗಿಕೊಳ್ಳುತ್ತಾರಂತೆ. ಸತ್ತವರ ಮುಖ ಬದಲಾದರೆ ಒಪ್ಪುವುದಿಲ್ಲವಂತೆ. ಸರ್ವಮಂಗಳ ಫೋಟೋ ವಾಪಸ್ ಕೇಳು ಎಂದು ಹಟ ಹಿಡಿದಳು. "ಬೇಡಮ್ಮ, ಅಪ್ಪ ಒಬ್ರಾದ್ರೂ ಕೆಲಸದಲ್ಲಿರ್ಲಿ" ಎಂದಳು ಶಾಂಭವಿ. ತಮಾಷೆಗೆ ಹೇಳಿದ್ದೇ ಇರಬೇಕು. ನಮಗೆ ಯಾರಿಗೂ ನಗು ಬರಲಿಲ್ಲ.

ಆ ಹೊತ್ತಿಗೆ ಟೀವಿ ಹಾಕುವುದನ್ನೇ ನಾವು ಬಿಟ್ಟಿದ್ದೆವು. ಹೋದ ಸೋಮವಾರ ಶಾಂಭವಿ ತಾನೇ ಬಂದು ಹಾಕಿ ನನ್ನ ಪಕ್ಕ ಕೂತಳು. ಹೊಸ ಹುಡುಗಿ ಶಾಂಭವಿ ಉಡುತ್ತಿದ್ದ ಸೀರೆಯನ್ನೇ ಉಟ್ಟು ನನ್ನ ಫೋಟೋದ ಮುಂದೆ ನಿಂತಳು. ಜೋರಾಗಿ ಅಳಲಿಲ್ಲ. ಗಾಜಿನ ಮೇಲಿನ ಧೂಳನ್ನು ಬೆರಳಿನಿಂದ ಒರೆಸುತ್ತಾ, "ಅಪ್ಪ, ಇವತ್ತು ನಾನು ಊಟ ಮಾಡ್ಲಿಲ್ಲ" ಎಂದಳು, ಅಷ್ಟೇ. ನನ್ನ ಕಣ್ಣು ತುಂಬಿ ನೀರು ಕೆನ್ನೆಗೆ ಇಳಿದುಬಿಟ್ಟಿತು.

"ಚೆನ್ನಾಗಿ ಮಾಡ್ತಾಳೆ ಅಲ್ವಾ ಅಪ್ಪ?" ಎಂದಳು ಶಾಂಭವಿ. ಅವಳು ಟೀವಿಯನ್ನಲ್ಲ, ನನ್ನನ್ನು ನೋಡುತ್ತಿದ್ದಳು. "ನಾನು ಮಾಡ್ತಿದ್ದಾಗ ನಿಂಗೆ ಒಂದಿನಾನೂ ಅಳು ಬರ್ಲಿಲ್ಲ."

ನಿಜ, ಬಂದಿರಲಿಲ್ಲ. ಅವಳು ಅಳುತ್ತಿದ್ದಾಗ ನಾನು ನೋಡುತ್ತಿದ್ದದ್ದೇ ಬೇರೆ. ಮುಖ ಬತ್ತಿದೆಯಲ್ಲ, ದನಿ ಕೇಳಿದರೆ ಶೀತವಾದಂತಿದೆ, ಆ ಭಾರದ ಸೀರೆಯಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದಾಳೋ ಎಂದು ಅವಳನ್ನೇ ನೋಡುತ್ತಿದ್ದೆನೇ ಹೊರತು, ಅವಳು ಅಷ್ಟು ಕಷ್ಟಪಟ್ಟು ಮಾಡಿದ ಪಾತ್ರವನ್ನು ಒಂದು ದಿನವೂ ನೋಡಿರಲಿಲ್ಲ. ಯಾರದೋ ಮಗಳು ಬಂದು ನಿಂತ ಮೇಲೆ ನನಗೆ ಅಪ್ಪನಿಲ್ಲದ ಆ ಹುಡುಗಿ ಕಂಡಳು. ಇದನ್ನೆಲ್ಲ ಮಗಳಿಗೆ ಹೇಳಬೇಕೆಂದು ಬಾಯಿ ತೆರೆದೆ. "ನಿಮ್ಮಮ್ಮ ಒಳಗೆ ಈರುಳ್ಳಿ ಹೆಚ್ತಿದ್ದಾಳೆ, ಅದಕ್ಕೆ" ಎಂದೆ. ಸರ್ವಮಂಗಳ ಗುಡಿಗೆ ಹೋಗಿ ಅರ್ಧ ಗಂಟೆಯಾಗಿತ್ತು.

ಶಾಂಭವಿ ನನ್ನ ಕನ್ನಡಕ ತೆಗೆದು ತನ್ನ ದುಪಟ್ಟಾದಲ್ಲಿ ಒರೆಸಿ ಕೊಟ್ಟಳು. "ನಿಂಗೆ ಆಕ್ಟಿಂಗ್ ಬರಲ್ಲ ಅಪ್ಪ" ಎಂದು ಎದ್ದು ಹೋಗಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡಳು. ಟೀವಿಯಲ್ಲಿ ಆ ಹುಡುಗಿ ಇನ್ನೂ ನನ್ನನ್ನು ಮಾತಾಡಿಸುತ್ತಲೇ ಇದ್ದಳು. ನಾನು ಅಲ್ಲಿಯೂ ಸುಮ್ಮನಿದ್ದೆ, ಇಲ್ಲಿಯೂ ಸುಮ್ಮನಿದ್ದೆ.